ಎಲ್ಲಕ್ಕೂ ಒಂದೇ ಸೂಜಿ ಸಾಕೇ?

ಸ್ತನದ ಮ್ಯಾಮೊಗ್ರಾಂ ಅಥವಾ ಶ್ವಾಸಕೋಶದ ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ಗಂಟಿನ ಅಂಚು 'ಸ್ಪಿಕ್ಯುಲೇಟೆಡ್' ಎಂದಿದ್ದರೆ ವೈದ್ಯರು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗಂಟಿನಿಂದ ಸುತ್ತಲಿನ ಅಂಗಾಂಶದೊಳಕ್ಕೆ ಸಣ್ಣ ಸಣ್ಣ ಗೆರೆಗಳು ಚಾಚಿಕೊಂಡಿವೆ ಎಂದು ಅದರ ಅರ್ಥ. ನುಣುಪು ಅಂಚಿನ ಗಂಟಿಗಿಂತ ಇಂಥದ್ದರಲ್ಲಿ ಕ್ಯಾನ್ಸರಿನ ಶಂಕೆ ಹೆಚ್ಚು. ಹಾಗಾಗಿ ಮುಂದಿನ ಮಾತು ಸಾಮಾನ್ಯವಾಗಿ ಬಯಾಪ್ಸಿಯದೇ. ರೋಗಿಯ ಮನೆಯವರಿಗೆ ಮಾತ್ರ ಆ ಪದದಿಂದ ಏನೂ ತಿಳಿಯುವುದಿಲ್ಲ.

ಆದರೆ ಅದು ಹುಟ್ಟಿದ್ದು ಹೊಲದಲ್ಲಿ. ಲ್ಯಾಟಿನ್ನಿನ 'ಸ್ಪೀಕಾ' ಎಂದರೆ ಧಾನ್ಯದ ತೆನೆ. ನಮ್ಮ ಚಿತ್ತಾ ನಕ್ಷತ್ರಕ್ಕೆ ಪಶ್ಚಿಮದವರು ಇಟ್ಟಿರುವ ಹೆಸರೂ ಅದೇ. ಅವರ ಕಣ್ಣಿಗೆ ಅದು ಕನ್ಯೆಯ ಕೈಯಲ್ಲಿರುವ ತೆನೆ. ಸ್ಪೀಕಾದ ಕಿರುರೂಪ 'ಸ್ಪಿಕ್ಯುಲಂ', ಅಂದರೆ ಸಣ್ಣ ಮೊನೆ, ಬಾಣದ ತುದಿ.

ಈ 'ಸಣ್ಣ' ಎಷ್ಟು ಸಣ್ಣದು? ಸೂರ್ಯನ ವರ್ಣಗೋಳದಿಂದ ಚಿಮ್ಮುವ ಅನಿಲದ ಎಳೆಗಳನ್ನು ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ 1877ರಲ್ಲಿ ವರ್ಣಿಸಿದ. ಅವುಗಳಿಗೆ 'ಸ್ಪಿಕ್ಯೂಲ್' ಎಂದು ಹೆಸರಿಟ್ಟವನು ವಾಲ್ಟರ್ ಆರ್ ರಾಬರ್ಟ್ಸ್, 1945ರಲ್ಲಿ. ಒಂದೊಂದೂ ಸುಮಾರು 10,000 ಕಿ.ಮೀ. ಎತ್ತರಕ್ಕೆ ಏರಿ ಐದು-ಹತ್ತು ನಿಮಿಷದಲ್ಲಿ ಮಾಯವಾಗುತ್ತದೆ. ಭೂಮಿಯ ವ್ಯಾಸವೇ 12,742 ಕಿ.ಮೀ.! ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಇರುವಾಗ ಅದರ ಹೊರಗಿನ ಕರೋನಾ ಹತ್ತು ಲಕ್ಷ ಡಿಗ್ರಿ ದಾಟುವುದೇಕೆ ಎಂಬ ಚರ್ಚೆಯಲ್ಲಿ ಈ ಎಳೆಗಳ ಹೆಸರೂ ಬರುತ್ತದೆ. ಅದೇ ಕರೋನಾವನ್ನು ನೋಡಲೆಂದು 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದ ಉಪಕರಣವಿದೆ.

ಸಮುದ್ರದಾಳದ ಸ್ಪಂಜುಗಳ ಮೈಯೊಳಗಿನ ಗಾಜಿನಂಥ ಕಡ್ಡಿಗಳಿಗೂ ಸ್ಪಿಕ್ಯೂಲ್ ಎಂದೇ ಹೆಸರು. 'ವೀನಸ್ ಹೂಬುಟ್ಟಿ' ಎಂಬ ಸ್ಪಂಜಿನ ಬುಡದ ಕಡ್ಡಿಗಳು ಆಪ್ಟಿಕಲ್ ಫೈಬರಿನ ಹಾಗೆ ಬೆಳಕನ್ನು ಸಾಗಿಸುತ್ತವೆಂದು 2003ರಲ್ಲಿ ವಿಜ್ಞಾನಿಗಳು ತೋರಿಸಿದರು. ನಾವು ಕುಲುಮೆ ಹಚ್ಚಿ ಎಳೆಯುವ ಗಾಜನ್ನು ಆ ಜೀವಿ ತಣ್ಣನೆಯ ನೀರಿನಲ್ಲಿ ಕೂತೇ ಬೆಳೆಸುತ್ತದೆ.

ಇನ್ನೊಂದು ಮಾತು 'ಆಕುಸ್', ಬಟ್ಟೆ ಹೊಲಿಯುವ ಸೂಜಿ. ಆಕ್ಯುಪಂಕ್ಚರ್ ಬಂದದ್ದು ಇದರಿಂದಲೇ. ಇದರ ಕಿರುರೂಪದಿಂದ ಬಂದ 'ಅಸಿಕ್ಯುಲರ್' ಬರೀ ಆಕಾರ ಹೇಳುತ್ತದೆ. ಚುಚ್ಚುತ್ತದೋ ಇಲ್ಲವೋ ಅದಕ್ಕೆ ಬೇಕಿಲ್ಲ. ಪೈನ್ ಎಲೆ, ದಖ್ಖನ್ನಿನ ಕಪ್ಪುಶಿಲೆಯ ಪೊಟರೆಗಳಲ್ಲಿ ಬೆಳೆಯುವ ಸ್ಕೋಲೆಸೈಟ್ ಹರಳು, ಗೌಟ್ ರೋಗಿಯ ಊದಿದ ಕೀಲಿನೊಳಗಿನ ಯೂರೇಟ್ ಹರಳು ಎಲ್ಲವೂ ಅಸಿಕ್ಯುಲರ್. ಕೀಲಿನ ನೀರು ತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟಾಗ ಹರಳು ಸೂಜಿಯಂತಿದ್ದರೆ ಗೌಟ್, ವಜ್ರಾಕೃತಿಯ ತುಂಡಿನಂತಿದ್ದರೆ ಬಹುಮಟ್ಟಿಗೆ ಅದನ್ನೇ ಹೋಲುವ ಬೇರೊಂದು ಕಾಯಿಲೆ. ಚಿಕಿತ್ಸೆಯ ದಾರಿ ಕವಲೊಡೆಯುವುದು ಅಲ್ಲೇ.

ಆಕಾರ ನಂಬಿ ಮೋಸಹೋಗುವುದೂ ಉಂಟು. ಕಾರವಾರದ ಕಡಲತೀರದ ಗಾಳಿಮರದ್ದು ಸೂಜಿಯೆಲೆ ಎನ್ನುವವರು ಬಹಳ. ಒಂದು ಎಳೆ ಕಿತ್ತು ಮೆಲ್ಲಗೆ ಜಗ್ಗಿದರೆ ಗಿಣ್ಣು ಗಿಣ್ಣಾಗಿ ಕಳಚುತ್ತದೆ, ಪ್ರತಿ ಗಿಣ್ಣಿನ ಸುತ್ತ ಹಲ್ಲಿನಂಥ ಪುಟ್ಟ ಮೊನೆಗಳು ಕಾಣುತ್ತವೆ. ಅವೇ ಎಲೆ. ನಾವು ಎಲೆಯೆಂದುಕೊಂಡದ್ದು ಹಸಿರು ರೆಂಬೆ.

ಮೂರನೆಯದು 'ಅಕ್ಯುಲಿಯಸ್', ಕೊಂಡಿ. ಜೇನು, ಕಣಜ, ಇರುವೆಗಳ ಗುಂಪಿಗೆ ಅಕ್ಯುಲಿಯಾಟಾ ಎಂದು ಹೆಸರು. ಸಸ್ಯಶಾಸ್ತ್ರದಲ್ಲಿ ಇದೇ ಮಾತು ತೊಗಟೆಯ ಮೇಲ್ಪದರದಿಂದ ಎದ್ದ ಮುಳ್ಳಿಗೆ. ಗುಲಾಬಿಯ ಮುಳ್ಳನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಚಿಟಕ್ಕನೆ ಕಳಚಿಬರುತ್ತದೆ. ಕಾಗದದ ಹೂವಿನ ಮುಳ್ಳು ಹಾಗೆ ಬಾರದು. ಅದು ರೂಪ ಬದಲಿಸಿದ ಕೊಂಬೆ, ಒಳಗಿನ ಮರಕ್ಕೇ ಅಂಟಿದ್ದು. ಪಾಪಸುಕಳ್ಳಿಯದು ಎಲೆಯೇ ಮುಳ್ಳಾದ ಬಗೆ.

ಕನ್ನಡದ ವಿಜ್ಞಾನ ಬರಹ ಇಷ್ಟನ್ನೂ 'ಸೂಜಿಯಾಕಾರದ ರಚನೆ' ಎಂದು ಒಂದೇ ಗೋಣಿಗೆ ತುಂಬುತ್ತದೆ. ಸ್ವಲ್ಪ ಗಂಭೀರವಾಗಬೇಕೆನಿಸಿದರೆ 'ಸೂಚ್ಯಾಕಾರ' ಎನ್ನುತ್ತದೆ. ಅರ್ಥ ಅಷ್ಟೇ, ಭಾರ ಮಾತ್ರ ಹೆಚ್ಚು. ರೋಮನ್ನರ ಪದಗಳು ದೇವಲೋಕದಿಂದ ಇಳಿದವಲ್ಲ. ಸೂಜಿ, ತೆನೆ, ಕೊಂಡಿ ಎಂಬ ಮನೆ-ಹೊಲದ ಮಾತುಗಳನ್ನೇ ವಿಜ್ಞಾನ ಎರವಲು ಪಡೆದು ಒಂದೊಂದಕ್ಕೂ ಒಂದೊಂದು ಕೆಲಸ ಹಚ್ಚಿತು. ಅಂಥ ಮಾತು ನಮ್ಮಲ್ಲಿ ಕಡಿಮೆಯೇ? ಮೊನೆ, ಸಿಬಿರು, ಕೊಂಡಿ, ಮುಳ್ಳು, ತೆನೆಯ ಮೇಲಿನ ಊಬು. ಸ್ಪಿಕ್ಯೂಲಿಗೆ ಊಬಿಗಿಂತ ಹತ್ತಿರದ ಮಾತು ಸಿಗುವುದು ಕಷ್ಟ.

ಕೆಸುವಿನೆಲೆಯ ತುರಿಕೆಯನ್ನೇ ನೋಡಿ. ಅದಕ್ಕೆ ಮುಖ್ಯ ಕಾರಣ ಜೀವಕೋಶದೊಳಗೆ ಕಟ್ಟುಕಟ್ಟಾಗಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು, 'ರಾಫೈಡ್'. ಈ ಹೆಸರು ಗ್ರೀಕ್ ಮೂಲದ್ದು, ಅಲ್ಲಿಯೂ ಸೂಜಿಯೇ. ಪತ್ರೊಡೆಗೆ ಹುಣಸೆಹುಳಿ ಬಿಡದೆ ಹಾಕುವ ಕರಾವಳಿ, ಮಲೆನಾಡಿನವರಿಗೆ ತುರಿಕೆ ಗೊತ್ತು. ಅದರ ಹಿಂದೆ ಇಂಥ ಸಿಬಿರುಗಳಿವೆ ಎಂದರೆ ವಿವರಣೆಯೇ ಬೇಡ.

ಊಬು ಎಂಬ ಮಾತು ಪೇಟೆಯ ಮಕ್ಕಳಿಗೆ ಗೊತ್ತಿಲ್ಲ ಎಂಬ ತಕರಾರು ಬರಬಹುದು. ಹೂವಿನ ಪಾಠದಲ್ಲಿ 'ಶಲಾಕಾಗ್ರ'ವನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುವ ಮಕ್ಕಳು ಅವರೇ. ಎರಡಕ್ಷರದ ಊಬು ಕಲಿಯಲು ಅವರಿಗೆ ಒಂದು ಚಿತ್ರ, ಒಂದು ಗೋಧಿತೆನೆ ಸಾಕು.