ಕೂಸು ಬೆಳೆಯದಿದ್ದರೆ ತಪ್ಪು ತಾಯಿಯದೇ?



ಕಳೆದ ತಿಂಗಳು ಸಂಘದ ಊಟದಲ್ಲಿ ಹಿರಿಯರೊಬ್ಬರು ಅಂದರು: "ಈ ಕೂಲಿ ಜನಕ್ಕೆ ಮಕ್ಕಳ ಮೇಲೆ ಕಾಳಜೀನೇ ಇಲ್ಲ ಕಣ್ರೀ. ಹೆರೋದು, ಬೀದಿಗೆ ಬಿಡೋದು." ಹೋಳಿಗೆ ಮುರಿಯುತ್ತ ನಾವೆಲ್ಲ ತಲೆಯಾಡಿಸಿದೆವು. ನಾನೂ ಆಡಿಸಿದೆ. ಆ ನಾಚಿಕೆಗೇ ಈ ಮಿಂಚಂಚೆ.

ಏಕೆಂದರೆ ನನಗೆ ನಿಜ ಗೊತ್ತಿತ್ತು. ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ, ನಾನು ಬುಕ್ ಮಾಡಿದ ಫ್ಲ್ಯಾಟು ಎಷ್ಟು ಎದ್ದಿದೆ ಎಂದು ನೋಡಲು ಹೋಗಿದ್ದೆ. ಕೆಳಗೆ ಎರಡು ಗಳುಗಳ ನಡುವೆ ಹಳೇ ಸೀರೆಯ ಜೋಲಿ, ಅದರಲ್ಲೊಂದು ಹೆಣ್ಣು ಕೂಸು. ತೂಗುತ್ತಿದ್ದವಳು ಅದರ ಅಕ್ಕ, ಆರು ವರ್ಷದವಳಿರಬೇಕು. ಚಹಾದಲ್ಲಿ ಅದ್ದಿದ ಬಿಸ್ಕತ್ತೇ ಕೂಸಿನ ಮಧ್ಯಾಹ್ನದ ಊಟ. ವರ್ಷದ ಮಗುವೇನೋ ಅಂದುಕೊಂಡೆ. ಎರಡು ತುಂಬಿದೆಯಂತೆ! ತಾಯಿ ಯಾದಗಿರಿ ಕಡೆಯವಳು. ನಡುವೆ ಇಳಿದು ಬಂದು ಉಣಿಸಬಾರದೇನಮ್ಮಾ ಎಂದು ದೊಡ್ಡ ಬುದ್ಧಿವಂತನಂತೆ ಕೇಳಿದೆ. "ಇಳದು ಬಂದ್ರ ಅರ್ಧ ದಿನದ ಪಗಾರ ಕಡೀತಾರ್ರೀ ಸಾಹೇಬ್ರ" ಅಂದಳು. ಸಾಲ ತೀರಿಸಲು ಊರು ಬಿಟ್ಟವರು. ಊರಲ್ಲಿ ಅಂಗನವಾಡಿಯಿತ್ತು, ಉಣಿಸಲು ಅಜ್ಜಿಯಿದ್ದಳು. ಇಲ್ಲಿ ಎರಡೂ ಇಲ್ಲ.

ಇದು ಕಾಳಜಿಯ ಕೊರತೆಯೋ, ಪಗಾರದ ಲೆಕ್ಕವೋ?

"ನಮ್ಮ ಜನವೇ ಗಿಡ್ಡ, ಅದು ವಂಶದ್ದು" ಎನ್ನುವವರೂ ನಮ್ಮಲ್ಲಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಭಾರತ, ನಾರ್ವೆ, ಘಾನಾ, ಬ್ರೆಜಿಲ್, ಒಮಾನ್, ಅಮೆರಿಕ ಈ ಆರು ದೇಶಗಳ ಮಕ್ಕಳನ್ನು ಅಳೆಯಿತು. ಹೊಟ್ಟೆಗೆ ಸರಿಯಾಗಿ ಸಿಕ್ಕು, ಆರೈಕೆಯಲ್ಲಿ ಬೆಳೆದ ಮಕ್ಕಳ ಎತ್ತರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ! ದೆಹಲಿಯ ಮಗು ಓಸ್ಲೋದ ಮಗುವಿಗೆ ಸಮ. ಆ ಲೆಕ್ಕದಲ್ಲಿ ಎರಡು ವರ್ಷದ ಹೆಣ್ಣು ಮಗು ಸುಮಾರು 86 ಸೆಂ.ಮೀ. ಇರಬೇಕು. ನಮ್ಮ ಮನೆಯ ಬಾಗಿಲ ಚೌಕಟ್ಟಿನಲ್ಲಿ ಮಗಳ ಎತ್ತರಕ್ಕೆ ಎಳೆದ ಪೆನ್ಸಿಲ್ ಗೆರೆಯೂ ಅಲ್ಲೇ ಇದೆ. ಜೋಲಿಯಲ್ಲಿದ್ದದ್ದು ಅದರ ಹತ್ತಿರವೂ ಇರಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಈ ಕುಂಠಿತ ಬಹುಪಾಲು ಆಗಿಹೋಗುವುದು ಬಸಿರಿನಿಂದ ಎರಡು ವರ್ಷದೊಳಗೆ. ನಾವೋ, ಹೈಸ್ಕೂಲಿಗೆ ಹಳೇ ಕಂಪ್ಯೂಟರ್ ಕಳಿಸಿ ಫೋಟೋ ತೆಗೆಸಿಕೊಳ್ಳುತ್ತೇವೆ. (ಕಳಿಸುವುದು ಬೇಡವೆಂದಲ್ಲ. ಆದರೆ ಆ ಹೊತ್ತಿಗೆ ಹದಿಮೂರು ವರ್ಷ ತಡವಾಗಿರುತ್ತದೆ.)

ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಟ್ಟಡದ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು 1996ರ ಕಾಯಿದೆಯೇ ಹೇಳಿತ್ತು. ನೂರು ದಿನದ ಕೂಲಿಯವರ ಮಕ್ಕಳಿಗೆಂದು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 4000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಘೋಷಿಸಿತು. ಒಳ್ಳೆಯದೇ. ಆದರೆ ಗುಳೆ ಬಂದ ಕೂಸು ಪಂಚಾಯಿತಿಯಲ್ಲಿಲ್ಲ, ನಮ್ಮ ಫ್ಲ್ಯಾಟಿನ ಕೆಳಗಿದೆ.

ಅಡುಗೆಮನೆಯ ಗ್ರಾನೈಟ್ ಬಣ್ಣದ ಬಗ್ಗೆ ಬಿಲ್ಡರಿಗೆ ನಾನು ಹನ್ನೊಂದು ಮಿಂಚಂಚೆ ಬರೆದಿದ್ದೇನೆ. ಎಲ್ಲಕ್ಕೂ ಅಂದೇ ಉತ್ತರ ಬಂತು. ಹನ್ನೆರಡನೆಯದು ಹೋದ ವಾರ: ಆಳುಗಳ ಮಕ್ಕಳಿಗೆ ಕೋಣೆ ಎಲ್ಲಿದೆ? ನೋಡಿಕೊಳ್ಳುವವರು ಯಾರು? ಹಾಲೂಡಿಸಲು ಇಳಿದ ತಾಯಿಯ ಕೂಲಿ ಏಕೆ ಕಡಿಯುತ್ತೀರಿ?

ಉತ್ತರ ಇನ್ನೂ ಬಂದಿಲ್ಲ. ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವ ಗೆಳೆಯರೆಲ್ಲ ಇದನ್ನೇ ನಿಮ್ಮ ಬಿಲ್ಡರಿಗೂ ಬರೆಯಿರಿ, ಮುಂದಿನ ಕಂತು ಕಟ್ಟುವ ಮುಂಚೆ.