ಟಿಕ್ ಟಿಕ್ ಅಂದ್ರೆ ಮೊದಲು ಕೈ ತೆಗೀರಿ

ಕೊನೇ ಸೆಮಿಸ್ಟರಿನ ಸಬ್‌ಮಿಷನ್ ಹತ್ತಿರ ಬಂತು ಅಂದ್ರೆ ಹಾಸ್ಟೆಲಿನ ಯಾವುದೋ ಒಂದು ರೂಮಿನಿಂದ ಈ ಮಾತು ಕೇಳಿಸಿಯೇ ಕೇಳಿಸುತ್ತೆ: "ಮಗಾ, ಹಾರ್ಡ್ ಡಿಸ್ಕ್ ಓಪನ್ ಆಗ್ತಿಲ್ಲ." ಐದು ನಿಮಿಷದಲ್ಲಿ ಅಲ್ಲಿ ಹತ್ತು ಜನ, ಹತ್ತೂ ಜನರ ಹತ್ರ ಒಂದೊಂದು ಮದ್ದು. ಒಬ್ಬ ಕೇಬಲ್ ಕಿತ್ತು ಮತ್ತೆ ಹಾಕು ಅಂತಾನೆ. ಇನ್ನೊಬ್ಬ ಚೆಕ್‌ಡಿಸ್ಕ್ ಓಡಿಸು ಅಂತಾನೆ. ಮೂರನೆಯವನು ಕ್ರ್ಯಾಕ್ ಮಾಡಿದ ರಿಕವರಿ ಸಾಫ್ಟ್‌ವೇರನ್ನು ಪೆನ್ ಡ್ರೈವಿನಲ್ಲಿ ಹಿಡ್ಕೊಂಡು ಓಡಿ ಬರ್ತಾನೆ. ಫ್ರಿಜ್ಜಿನಲ್ಲಿಡು ಅನ್ನೋ ಪಂಡಿತ ಒಬ್ಬ ಇದ್ದೇ ಇರ್ತಾನೆ.

ಕೆಡ್ತಿರೋ ಡಿಸ್ಕಿಗೆ ಶತ್ರುಗಳು ಇಬ್ಬರು. ಒಂದು ಅದರೊಳಗಿನ ದೋಷ, ಇನ್ನೊಂದು ನಮ್ಮ ಈ ಉತ್ಸಾಹ. ಮೊದಲನೆಯದಕ್ಕೆ ನಾವೇನೂ ಮಾಡೋಕಾಗಲ್ಲ. ಎರಡನೆಯದನ್ನ ಮಾತ್ರ ನಿಲ್ಲಿಸಬಹುದು, ನಿಲ್ಲಿಸಲೇಬೇಕು ಅನ್ನೋದು ನಮ್ಮ ವಾದ.

ಯಾಕೆ ಅಂತ ಸ್ವಲ್ಪ ನೋಡೋಣ. ನಮ್ಮ ಬ್ಯಾಗಿನಲ್ಲಿರೋ ಸಾಮಾನ್ಯ ಎಕ್ಸ್‌ಟರ್ನಲ್ ಡಿಸ್ಕಿನೊಳಗಿನ ತಟ್ಟೆ ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ. ಓದುವ ಹೆಡ್ ಆ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲ್ತಿರುತ್ತೆ. ನಮ್ಮ ತಲೆಕೂದಲು ಆ ಸಂದಿಗಿಂತ ಸಾವಿರಾರು ಪಟ್ಟು ದಪ್ಪ. ಒಂದು ಸೆಕ್ಟರ್ ಓದೋಕಾಗದಿದ್ರೆ ಡಿಸ್ಕ್ ಸುಮ್ಮನೆ ಬಿಡೋದಿಲ್ಲ, ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಅದು ಸೋತ ಮೇಲೆ ಆಪರೇಟಿಂಗ್ ಸಿಸ್ಟಮ್ ಇನ್ನೊಂದಷ್ಟು ಸಲ ಕೇಳುತ್ತೆ. ನಾವು ಫೋಲ್ಡರನ್ನ ಎಳೆದು ಕಾಪಿಗೆ ಹಾಕಿರ್ತೀವಲ್ಲ, ಅದು ಇಂಥ ಒಂದು ಜಾಗದಲ್ಲಿ ಸಿಕ್ಕಿಕೊಂಡು ಗಂಟೆಗಟ್ಟಲೆ ಒದ್ದಾಡುತ್ತೆ. ಪಕ್ಕದಲ್ಲೇ ಇರೋ ಗಟ್ಟಿಮುಟ್ಟಾದ ಸಾವಿರ ಫೈಲುಗಳು ಸರದಿಯಲ್ಲಿ ನಿಂತಿರ್ತವೆ. ಅವುಗಳ ಸರದಿ ಬರೋ ಹೊತ್ತಿಗೆ ಹೆಡ್ಡೇ ಇರಲ್ಲ.

ಚೆಕ್‌ಡಿಸ್ಕ್ ಕಥೆ ಇನ್ನೂ ಕೆಟ್ಟದು. ಅದರ ಕೆಲಸ ಫೈಲ್ ಸಿಸ್ಟಮ್ಮಿನ ಲೆಕ್ಕ ಸರಿ ಮಾಡೋದು, ನಿಮ್ಮ ಪ್ರಾಜೆಕ್ಟ್ ಉಳಿಸೋದಲ್ಲ. ಲೆಕ್ಕಕ್ಕೆ ಸಿಗದ ಫೈಲನ್ನ ಕತ್ತರಿಸಿ ಹಾಕೋಕೂ ಅದು ಹೇಸೋದಿಲ್ಲ. ರಿಪೇರಿ ಆಯ್ಕೆ ಕೊಟ್ಟರೆ ಸಾಯ್ತಿರೋ ಡಿಸ್ಕಿನ ಮೇಲೇ ಬರೆಯುತ್ತೆ. "ಫಾರ್ಮ್ಯಾಟ್ ಮಾಡಬೇಕು" ಅಂತ ವಿಂಡೋಸ್ ಕೇಳೋ ಪ್ರಶ್ನೆಗೆ ಹೂಂ ಅನ್ನೋರ ಬಗ್ಗೆ ನಾವು ಮಾತಾಡೋದಿಲ್ಲ.

ಈ ವರ್ಷ ನಮ್ಮ ಸಂಘದ ಡಿಸ್ಕಿಗೇ ಈ ಗತಿ ಬಂತು. ಬ್ಯಾಚಿನಿಂದ ಬ್ಯಾಚಿಗೆ ಕೈ ಬದಲಾಯಿಸ್ತಾ ಬಂದ ಒಂದು ಟೆರಾಬೈಟಿನ ಡಿಸ್ಕು. ಅದರಲ್ಲಿ ರಾಜ್ಯೋತ್ಸವದ ವಿಡಿಯೋಗಳಿವೆ, ನಾಟಕಗಳಿವೆ, ಅವೆಲ್ಲಾ ಇರಲಿ. ಹಿಂದೊಂದು ಬ್ಯಾಚಿನ ಅಕ್ಕಂದಿರು ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ ಅಜ್ಜಿಯರ ಬಾಯಲ್ಲಿ ಕೇಳಿ ರೆಕಾರ್ಡ್ ಮಾಡಿದ ಸೋಬಾನೆ ಪದಗಳಿವೆ. ಹಾಡಿದವರಲ್ಲಿ ಇಬ್ಬರು ಈಗಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಹೋದ್ರೆ ಅತ್ತುಕೊಂಡಾದ್ರೂ ಮತ್ತೆ ಬರೀಬಹುದು, ಆ ಹಾಡುಗಳನ್ನ ಯಾರ ಹತ್ರ ಹೋಗಿ ಕೇಳೋದು?

ಒಂದು ದಿನ ಫೋಲ್ಡರ್ ತೆರೆಯೋಕೆ ನಿಮಿಷಗಟ್ಟಲೆ ತಗೊಳ್ಳೋಕೆ ಶುರುವಾಯ್ತು. ಅಷ್ಟರಲ್ಲಿ ಲ್ಯಾಬಿನ ಸರ್ ಬಂದ್ರು. "ಮೊದಲು ಅದನ್ನ ತೆಗೀರಪ್ಪಾ, ಆಮೇಲೆ ಮಾತಾಡೋಣ" ಅಂದ್ರು. ತೆಗೆದ್ವಿ. ಕೇಬಲ್ ಬದಲಿಸಿ, ಹಬ್ ಬಿಟ್ಟು ನೇರವಾಗಿ ಡೆಸ್ಕ್‌ಟಾಪಿನ ಹಿಂದಿನ ಪೋರ್ಟಿಗೆ ಹಾಕಿ, ಉಬುಂಟುವಿನಲ್ಲಿ ಸ್ಮಾರ್ಟ್ ವರದಿ ನೋಡಿದ್ವಿ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳೋ ಲೆಕ್ಕ ಅದು. ಅದರಲ್ಲಿ 5, 197, 198 ಈ ಮೂರು ಸಾಲು ನೋಡಿ ಸಾಕು: ಬದಲಿ ಜಾಗಕ್ಕೆ ಹೋದ ಸೆಕ್ಟರು, ಅನುಮಾನದಲ್ಲಿರೋ ಸೆಕ್ಟರು, ಓದೋಕೇ ಆಗದ ಸೆಕ್ಟರು. ನಮ್ಮದರಲ್ಲಿ 197ನೇ ಸಾಲು ಸೊನ್ನೆ ಇರಲಿಲ್ಲ.

ಆಮೇಲೆ ಫೈಲುಗಳ ಕಡೆ ತಿರುಗಿಯೂ ನೋಡದೆ ಡಿಸ್ಕನ್ನ ಇಡಿಯಾಗಿ ಇನ್ನೊಂದು ಡಿಸ್ಕಿಗೆ ಇಳಿಸೋಕೆ ಕೂತ್ವಿ. ಅದಕ್ಕೆ ಗ್ನೂ ಡಿಡಿರೆಸ್ಕ್ಯೂ ಅನ್ನೋ ಉಚಿತ ತಂತ್ರಾಂಶ ಇದೆ. ಕೊಂಬೆ ಮುರಿಯೋ ಹಾಗಿರೋ ಮರದಿಂದ ಮಾವು ಕೀಳೋರು ಏನು ಮಾಡ್ತಾರೋ ಇದೂ ಅದನ್ನೇ ಮಾಡುತ್ತೆ. ಕೈಗೆಟುಕಿದ್ದೆಲ್ಲಾ ಮೊದಲು, ತುದಿಯಲ್ಲಿರೋದು ಆಮೇಲೆ. ಓದೋಕಾಗದ ಜಾಗ ಸಿಕ್ಕಿದ ಕೂಡ್ಲೇ ಅದನ್ನ ಹಾರಿ ಮುಂದೆ ಹೋಗುತ್ತೆ, ಎಲ್ಲಿ ಬಿಟ್ಟೆ ಅಂತ ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತೆ. ನಡುವೆ ಕರೆಂಟ್ ಹೋದ್ರೂ ಆ ಮ್ಯಾಪ್ ಇದ್ರೆ ಬಿಟ್ಟ ಜಾಗದಿಂದಲೇ ಶುರು. ಗಟ್ಟಿಯಾದ್ದೆಲ್ಲ ಬಂದ ಮೇಲೆ ಬಿಟ್ಟ ಜಾಗಗಳ ಅಂಚನ್ನ ಕೆರೆದು ಕೆರೆದು ಸಿಕ್ಕಷ್ಟು ತರುತ್ತೆ.

ತಾಳ್ಮೆ ಬೇಕು. ಸೆಕೆಂಡಿಗೆ 100 ಮೆಗಾಬೈಟ್ ವೇಗ ಸಿಕ್ಕಿದ್ರೂ ಒಂದು ಟೆರಾಬೈಟಿಗೆ ಹತ್ತಿರ ಹತ್ತಿರ ಮೂರು ಗಂಟೆ, ಕೆಟ್ಟ ಡಿಸ್ಕಿಗೆ ದಿನಗಳೇ ಆಗಬಹುದು. ಎರಡು ಎಚ್ಚರಿಕೆ. ಮೂಲ ಯಾವುದು, ಗುರಿ ಯಾವುದು ಅಂತ ಎಂಟರ್ ಒತ್ತೋ ಮೊದಲು ಮೂರು ಸಲ ನೋಡಿ. ಅದಲುಬದಲಾದ್ರೆ ಖಾಲಿ ಡಿಸ್ಕು ತುಂಬಿದ ಡಿಸ್ಕನ್ನ ಒರೆಸಿ ಹಾಕುತ್ತೆ. ಗುರಿ ಡಿಸ್ಕು ಫ್ಯಾಟ್32 ಆಗಿರಬಾರದು, 4 ಜಿಬಿಗಿಂತ ದೊಡ್ಡ ಫೈಲನ್ನ ಅದು ಹಿಡಿಯೋದಿಲ್ಲ.

ಪ್ರತಿ ಸಿಕ್ಕಿದ ಮೇಲೆ ನಿಮ್ಮ ಮದ್ದುಗಳೆಲ್ಲಾ ಓಡಿಸಿ, ನಮ್ಮ ತಕರಾರಿಲ್ಲ. ಆದ್ರೆ ಆ ಪ್ರತಿಯ ಮೇಲೆ, ಅದೂ ಇನ್ನೊಂದು ನಕಲು ಇಟ್ಟುಕೊಂಡು. ಟೆಸ್ಟ್‌ಡಿಸ್ಕ್ ಕಳೆದ ಪಾರ್ಟಿಷನ್ ಹುಡುಕಿಕೊಡುತ್ತೆ. ಅದರ ಜೊತೆಗೇ ಬರೋ ಫೋಟೋರೆಕ್ ಫೈಲ್ ಸಿಸ್ಟಮ್ಮನ್ನೇ ನಂಬದೆ, ಪ್ರತಿ ಬಗೆಯ ಫೈಲಿನ ತಲೆಯಲ್ಲಿರೋ ಗುರುತು ಹಿಡಿದು ಹುಡುಕುತ್ತೆ. ಹೆಸರುಗಳು ಮಾತ್ರ ಹೋಗಿರ್ತವೆ, ಸಾವಿರಾರು ಫೋಟೋ ಕೂತ್ಕೊಂಡು ನೋಡಿ ಹೆಸರಿಡೋ ಕೆಲಸ ನಿಮ್ಮದು.

ನಮ್ಮ ಡಿಸ್ಕು ಮೂರು ದಿನ ತಗೊಂಡ್ತು. ಎರಡು ವಿಡಿಯೋ ಹೋದವು. ಹಾಡುಗಳೆಲ್ಲಾ ಬಂದವು. ಒಂದರ ನಡುವೆ ಮಾತ್ರ ಕೆಲವು ಸೆಕೆಂಡು ಮೌನ. ಓದೋಕಾಗದ ಜಾಗದಲ್ಲಿ ಸೊನ್ನೆಗಳು ಕೂತಿವೆ, ಅಜ್ಜಿ ಉಸಿರು ತಗೊಂಡ ಹಾಗೆ ಕೇಳುತ್ತೆ.

ಇಷ್ಟೂ ಹೇಳಿದ್ದು ನಿಧಾನವಾದ ಡಿಸ್ಕಿಗೆ. ಟಿಕ್ ಟಿಕ್ ಅಂತ ಶಬ್ದ ಬಂದ್ರೆ, ಗರಗರ ಅಂದ್ರೆ, ಡಿಡಿರೆಸ್ಕ್ಯೂ ಕೂಡ ಬೇಡ. ಪವರ್ ತೆಗೀರಿ. ಹೆಡ್ ತಟ್ಟೆಯನ್ನ ಕೆರೀತಿದ್ರೆ ಒಂದೊಂದು ನಿಮಿಷವೂ ಡೇಟಾವನ್ನ ಪುಡಿ ಮಾಡುತ್ತೆ. ಅದನ್ನ ಧೂಳಿಲ್ಲದ ಕೋಣೆ ಇರೋ ಡೇಟಾ ರಿಕವರಿ ಲ್ಯಾಬಿನೋರು ಮಾತ್ರ ಬಿಚ್ಚಬೇಕು. ಬಿಲ್ ಹತ್ತಾರು ಸಾವಿರಕ್ಕೂ ಹೋಗಬಹುದು. ಎಸ್.ಪಿ. ರಸ್ತೆಯಲ್ಲಿ ಕಮ್ಮಿಗೆ ಆಗುತ್ತೆ ಅಂತ ಹೊರಡೋರಿಗೆ ಒಂದೇ ಪ್ರಶ್ನೆ ಹೇಳಿಕೊಡ್ತೀವಿ: "ಎಲ್ಲಿ ಬಿಚ್ತೀರಾ?" ಕೌಂಟರಿನ ಮೇಲೇ ಸ್ಕ್ರೂಡ್ರೈವರ್ ಎತ್ತಿಕೊಂಡ್ರೆ ಡಿಸ್ಕ್ ವಾಪಸ್ ತಗೊಂಡು ಬನ್ನಿ. ಫ್ರಿಜ್ಜೂ ಬೇಡ, ಹೊರಗೆ ತೆಗೆದ ಕೂಡ್ಲೇ ತಟ್ಟೆಯ ಮೇಲೆ ನೀರು ಕಟ್ಟುತ್ತೆ.

ಸ್ಮಾರ್ಟ್ ಚೆನ್ನಾಗಿದೆ ಅಂತ ನಿಶ್ಚಿಂತೆಯಿಂದ ಇರೋ ಹಾಗೂ ಇಲ್ಲ. 2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನ ನೋಡಿ ಬರೆದ ಪ್ರಬಂಧದಲ್ಲಿ ಎರಡು ಮಾತಿದೆ. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನದಲ್ಲಿ ಸಾಯೋ ಸಾಧ್ಯತೆ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಆದ್ರೆ ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟಿನ ಮುಖ್ಯ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಸತ್ತಿದ್ದವು. ಅಂದ್ರೆ ಡಿಸ್ಕು ಕೂಗಿದ್ರೆ ನಂಬಿ, ಸುಮ್ಮನಿದ್ರೆ ನಂಬಬೇಡಿ.

ಇದನ್ನೆಲ್ಲಾ ನಮಗೆ ಯಾರೂ ಕಲಿಸಲಿಲ್ಲ ಅನ್ನೋದೇ ಸೋಜಿಗ. ಓಎಸ್ ಪೇಪರಿನಲ್ಲಿ ಹೆಡ್ 53ರಲ್ಲಿದೆ, ಸರದಿ 98, 183, 37, 122... ಅಂತ ಗ್ರಾಫ್ ಬರೆದು ಬರೆದು ಗಾಲ್ವಿನ್ ಪುಸ್ತಕ ಸವೆದಿದೆ. ಸ್ಕ್ಯಾನ್, ಸಿ-ಸ್ಕ್ಯಾನ್ ಕಣ್ಣು ಮುಚ್ಚಿ ಬರೀತೀವಿ. ಕೈಯಲ್ಲಿರೋ ನಿಜವಾದ ಡಿಸ್ಕಿನ ಹೆಡ್ ಸಾಯ್ತಿದ್ರೆ ಏನು ಮಾಡಬೇಕು ಅಂತ ಗೊತ್ತಿಲ್ಲದೇ ನಾಲ್ಕು ವರ್ಷ ಮುಗಿದು ಹೋಗುತ್ತೆ. ಲ್ಯಾಬಿನ ಒಂದು ಮಧ್ಯಾಹ್ನ ಸಾಕು ಇದಕ್ಕೆ.

ಬ್ಯಾಕಪ್ ಇಟ್ಟುಕೊಳ್ಳಿ ಅಂತ ಬೋಧನೆ ಮಾಡೋಕೆ ನಾವು ಬಂದಿಲ್ಲ, ಅದು ಎಲ್ಲರಿಗೂ ಗೊತ್ತು, ಯಾರೂ ಮಾಡಲ್ಲ. ವಿಭಾಗದವರ ಹತ್ರ ನಾವು ಕೇಳ್ತಿರೋದು ಚಿಕ್ಕದು. ಲ್ಯಾಬಿನ ಮೂಲೆಯಲ್ಲಿ ಧೂಳು ತಿನ್ತಾ ಇರೋ ಒಂದು ಹಳೇ ಕಂಪ್ಯೂಟರ್, ಅದರಲ್ಲಿ ಲಿನಕ್ಸ್, ಪಕ್ಕದಲ್ಲಿ ಎರಡು ಟೆರಾಬೈಟಿನ ಒಂದು ಖಾಲಿ ಡಿಸ್ಕು, ಬಾಗಿಲ ಮೇಲೆ ಒಂದು ಚೀಟಿ. ಯಾವ ವಿಭಾಗದೋರೇ ಆಗಲಿ, ಡಿಸ್ಕ್ ನಿಧಾನ ಆಯ್ತು ಅಂದ್ರೆ ರೂಮಿನಲ್ಲಿ ಪಂಚಾಯ್ತಿ ಸೇರಿಸದೆ ಸೀದಾ ಅಲ್ಲಿಗೆ ಬರೋ ಹಾಗಿರಬೇಕು. ರಾತ್ರಿ ಲ್ಯಾಬ್ ತೆರೆದಿಡೋಕೆ ಅನುಮತಿ ಕೊಟ್ರೆ ಕಾವಲಿಗೆ ನಮ್ಮ ಸಂಘದೋರೇ ಸರದಿ ಮೇಲೆ ಕೂತ್ಕೋತೀವಿ.