ಸವಕಳಿಯ ಖರ್ಚು ಯಾರ ಲೆಕ್ಕಕ್ಕೆ?

ಸಮುದ್ರದ ಮೇಲೆ ತೂಗು ಹಾಕಿದಂತೆ ಕಾಣುವ ಒಂದು ಕೆರೆಯ ಫೋಟೋವನ್ನು ನಿಮ್ಮಲ್ಲಿ ಅನೇಕರು ಮೊಬೈಲ್‌ನಲ್ಲಿ ನೋಡಿರುತ್ತೀರಿ. ಕೆಲವರ ವಾಲ್‌ಪೇಪರ್ ಕೂಡ ಅದೇ. ಅದು ಫೆರೋ ದ್ವೀಪಗಳಲ್ಲಿರುವ ಸೋರ್ವಾಗ್ಸ್‌ವಾಟ್ನ್ ಕೆರೆ. ಇದಕ್ಕೆ ಲೈಟಿಸ್‌ವಾಟ್ನ್ ಎಂಬ ಇನ್ನೊಂದು ಹೆಸರೂ ಇದೆ, ಯಾವುದು ಸರಿ ಎಂದು ಅಲ್ಲಿನ ಊರವರಲ್ಲೇ ಒಮ್ಮತವಿಲ್ಲ. ಐಸ್‌ಲ್ಯಾಂಡ್, ನಾರ್ವೆ, ಸ್ಕಾಟ್ಲೆಂಡ್‌ಗಳ ನಡುವೆ ಅಟ್ಲಾಂಟಿಕ್ ಸಾಗರದಲ್ಲಿರುವ ಈ 18 ದ್ವೀಪಗಳಲ್ಲಿ ಮರಗಳು ಬಹಳ ಕಡಿಮೆ. ಎಲ್ಲೆಲ್ಲೂ ಹಸಿರು ಹುಲ್ಲು, ಕಡಿದಾದ ಬಂಡೆ. ಜನರಿಗಿಂತ ಕುರಿಗಳೇ ಹೆಚ್ಚು.

ಫೋಟೋದಲ್ಲಿ ಕೆರೆ ಬಹಳ ಎತ್ತರದಲ್ಲಿರುವಂತೆ ಕಾಣುತ್ತದೆ. ನಿಜಕ್ಕೂ ಅದು ಸಮುದ್ರ ಮಟ್ಟದಿಂದ ಸುಮಾರು 30 ಮೀಟರ್ ಮೇಲಿದೆ, ಅಷ್ಟೆ. 142 ಮೀಟರ್ ಎತ್ತರದ ಟ್ರೆಲಾನೀಪ ಎಂಬ ಬಂಡೆಯ ಕಡೆ ನಿಂತು ಒಂದು ಕೋನದಲ್ಲಿ ತೆಗೆದರೆ ಕೆರೆಯೂ ಬಂಡೆಯಷ್ಟೇ ಎತ್ತರ ಅನಿಸುತ್ತದೆ. ಇದನ್ನು ಮೋಸ ಎನ್ನಲಾರೆ, ಕ್ಯಾಮೆರಾ ಇರುವುದೇ ಹಾಗೆ. ನನ್ನ ತಕರಾರು ಬೇರೆ. ಆ ಫೋಟೋದಲ್ಲಿ ಅಲ್ಲಿಗೆ ಹೋಗುವ ದಾರಿ ಕಾಣುವುದಿಲ್ಲ.

ಆ ಜಾಗಕ್ಕೆ ಸುಮಾರು 3 ಕಿಲೋಮೀಟರ್ ನಡೆಯಬೇಕು. ಅದು ಸರಕಾರಿ ಪಾರ್ಕ್ ಅಲ್ಲ, ಕುರಿ ಮೇಯುವ ಖಾಸಗಿ ಹುಲ್ಲುಗಾವಲು. ಜಮೀನಿನ ಮಾಲೀಕರು ಒಬ್ಬರಿಗೆ 200 ಕ್ರೋನ ಶುಲ್ಕ ಇಟ್ಟರು. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಗೂ ಜಾಸ್ತಿ. ಕ್ಲಾಸಿನಲ್ಲಿ ಈ ಮಾತು ಬಂದಾಗ ಹೆಚ್ಚಿನವರು ಹೇಳಿದ್ದು ಒಂದೇ: "ಬೆಟ್ಟ, ಸಮುದ್ರ ಅಲ್ಲಾಹನದು. ನೋಡೋದಕ್ಕೆ ಯಾಕೆ ದುಡ್ಡು?"

ಬೆಟ್ಟ ಅಲ್ಲಾಹನದೇ, ಒಪ್ಪುತ್ತೇನೆ. ಆದರೆ ಬೇಲಿ, ಗೇಟು, ಜಲ್ಲಿ ಹಾಕಿದ ಕಾಲುದಾರಿ ಮನುಷ್ಯರು ಮಾಡಿದ್ದು. ಅಲ್ಲಿ ಬಂಡೆಯ ಮೇಲಿನ ಮಣ್ಣಿನ ಪದರ ತೆಳು, ಮಳೆ ಹೆಚ್ಚು. ಸಾವಿರಾರು ಶೂಗಳು ಒಂದೇ ಕಡೆ ತುಳಿದರೆ ಹುಲ್ಲು ಸತ್ತು ಕೆಸರಾಗುತ್ತದೆ. ಕೆಸರು ತಪ್ಪಿಸಲು ಹಿಂದೆ ಬಂದವರು ಪಕ್ಕದ ಹುಲ್ಲು ತುಳಿಯುತ್ತಾರೆ, ದಾರಿ ಅಗಲವಾಗುತ್ತಲೇ ಹೋಗುತ್ತದೆ. ಯಂತ್ರದ ಬೆಲೆ ವರ್ಷ ವರ್ಷ ಇಳಿಯುವುದನ್ನು ಅಕೌಂಟೆನ್ಸಿಯಲ್ಲಿ ಸವಕಳಿ ಎನ್ನುತ್ತೇವೆ. ಮಣ್ಣು ಕೊಚ್ಚಿ ಹೋಗುವುದಕ್ಕೂ ಕನ್ನಡದಲ್ಲಿ ಅದೇ ಪದ. ಯಂತ್ರದ ಸವಕಳಿಯನ್ನು ಅದನ್ನು ಬಳಸಿದವನ ಖರ್ಚಿಗೆ ಬರೆಯುತ್ತೇವೆ. ಇಲ್ಲಿ ಬಳಸುವವರು ಪ್ರವಾಸಿಗರು, ನಷ್ಟ ಮಾತ್ರ ಕುರಿ ಸಾಕುವವನದು.

2019ರ ಏಪ್ರಿಲ್‌ನಲ್ಲಿ ಅಲ್ಲಿನ ಪ್ರವಾಸೋದ್ಯಮ ಸಂಸ್ಥೆ ಒಂದು ವಾರಾಂತ್ಯ ಕೆಲವು ಪ್ರಸಿದ್ಧ ಸ್ಥಳಗಳನ್ನು ಪ್ರವಾಸಿಗರಿಗೆ ಮುಚ್ಚಿತು. ಹೊರದೇಶಗಳಿಂದ 100 ಸ್ವಯಂಸೇವಕರನ್ನು ಕರೆಸಿ, ಊಟ ವಸತಿ ಕೊಟ್ಟು, ದಾರಿ ದುರಸ್ತಿ ಮಾಡಿಸಿತು. ಒಳ್ಳೆಯ ಯೋಚನೆ. ಆದರೆ ಎರಡು ದಿನದ ಶ್ರಮದಾನದಿಂದ ದಾರಿ ವರ್ಷವಿಡೀ ಬಾಳುವುದಿಲ್ಲ. ಹಾಗಾಗಿ ಶುಲ್ಕ ಬೇಕು ಎಂಬುದೇ ನನ್ನ ಅಭಿಪ್ರಾಯ.

ಆದರೆ ಷರತ್ತು ಇದೆ. ಎಷ್ಟು ಹಣ ಬಂತು, ಅದರಲ್ಲಿ ದಾರಿಗೆ ಎಷ್ಟು ಹೋಯಿತು ಎಂದು ಗೇಟಿನಲ್ಲೇ ಬೋರ್ಡ್ ಹಾಕಬೇಕು, ನಮ್ಮ ಮಸೀದಿಯ ಬೋರ್ಡಿನಲ್ಲಿ ಶುಕ್ರವಾರದ ಚಂದಾದ ಲೆಕ್ಕ ಬರೆಯುವ ಹಾಗೆ. ಲೆಕ್ಕ ತೋರಿಸದಿದ್ದರೆ ಪ್ರವಾಸಿಗ ಗೊಣಗುವುದರಲ್ಲಿ ತಪ್ಪಿಲ್ಲ. ಫೋಟೋ ಹಾಕುವವರೂ ಕೆಳಗೆ ಒಂದು ಸಾಲು ಸೇರಿಸಬಹುದು: ದಾರಿ ಬಿಟ್ಟು ಹುಲ್ಲು ತುಳಿಯಬೇಡಿ, ಅಲ್ಲಿ ನೆಲದ ಮೇಲೆಯೇ ಹಕ್ಕಿಗಳು ಮೊಟ್ಟೆ ಇಡುತ್ತವೆ.